ಚಳಿಗಾಲದ ಮೀನು ಬೇಟೆಗೆ ಬೆಚ್ಚನೆಯ, ನೀರು ಇಳಿಯದ ಬೂಟು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊರೆಯುವ ಚಳಿಯಲ್ಲಿ ಗಾಳ ಹಾಕಲು ಹೊರಟವರು ಮೈಗೆ, ಕೈಗೆ, ಕಿವಿಗೆ ಮಾಡಿಕೊಳ್ಳುವ ಸಿದ್ಧತೆಯ ಅರ್ಧದಷ್ಟನ್ನೂ ಕಾಲಿಗೆ ಮಾಡಿಕೊಳ್ಳುವುದಿಲ್ಲ. ಮೀನು ಕಚ್ಚಲು ಶುರುವಾಗುವ ಹೊತ್ತಿಗೆ ಸರಿಯಾಗಿ ಕಾಲ್ಬೆರಳು ಮರಗಟ್ಟಿ, ಎಲ್ಲ ಬಿಟ್ಟು ಎದ್ದು ಹೊರಡಬೇಕಾಗುತ್ತದೆ. ಕೆಳಗಿನ ಉತ್ತರಗಳನ್ನು ಓದುವಾಗ ಒಂದು ಮಾತು ನೆನಪಿರಲಿ: ಬೂಟು ಬಿಸಿ ಹುಟ್ಟಿಸುವುದಿಲ್ಲ. ಬಿಸಿ ಹುಟ್ಟುವುದು ನಿಮ್ಮ ಮೈಯಲ್ಲಿ, ಅದನ್ನು ಪಾದದವರೆಗೆ ತರುವುದು ರಕ್ತ. ಬಂದ ಬಿಸಿ ಸೋರಿಹೋಗದಂತೆ ನೋಡಿಕೊಳ್ಳುವುದಷ್ಟೇ ಬೂಟಿನ ಕೆಲಸ. ಅಟ್ಟೆಯ ದಪ್ಪ, ಅಳತೆ, ಬೆವರು, ಕಾಲುಚೀಲ ಎಲ್ಲದರ ಲೆಕ್ಕಾಚಾರವೂ ಇಲ್ಲಿಂದಲೇ ಹೊರಡುತ್ತದೆ.

ಚಾರಣಕ್ಕೆಂದು ಕೊಂಡ ಒಳ್ಳೆಯ ವಾಟರ್‌ಪ್ರೂಫ್ ಬೂಟು ಇದೆ. ಅದೇ ಸಾಲದೇ?

ನಡೆಯುತ್ತಿರುವವರೆಗೆ ಸಾಕು, ಕೂತರೆ ಸಾಲದು. ನಡೆಯುವಾಗ ತೊಡೆ, ಮೀನಖಂಡದ ಸ್ನಾಯುಗಳು ದುಡಿದು ಬಿಸಿ ಹುಟ್ಟಿಸುತ್ತಿರುತ್ತವೆ, ಪಾದಕ್ಕೆ ರಕ್ತ ಧಾರಾಳವಾಗಿ ಹರಿಯುತ್ತದೆ. ಗಾಳ ಇಳಿಬಿಟ್ಟು ಕದಲದೆ ಕೂತಾಗ ಎರಡೂ ತಗ್ಗುತ್ತವೆ. ಹೃದಯ, ಶ್ವಾಸಕೋಶದ ಬಿಸಿ ಕಾಯುವುದಕ್ಕಾಗಿ ದೇಹ ಕೈಕಾಲಿನ ತುದಿಯ ರಕ್ತನಾಳಗಳನ್ನು ಕಿರಿದು ಮಾಡಿಕೊಳ್ಳುತ್ತದೆ. ಚಾರಣದ ಬೂಟಿಗೆ ಅಟ್ಟೆ ತೆಳು, ಪಾದಕ್ಕೆ ಬಿಗಿ, ಎತ್ತರವೂ ಕಣಕಾಲಿನವರೆಗೆ ಮಾತ್ರ. ನಡಿಗೆಗೆ ಅನುಕೂಲವಾದ ಈ ಮೂರು ಗುಣಗಳೇ ಕೂತು ಮೀನು ಹಿಡಿಯುವವರಿಗೆ ತೊಂದರೆಯಾಗುತ್ತವೆ.

ಪೆಟ್ಟಿಗೆಯ ಮೇಲೆ ‘ಮೈನಸ್ 40 ಡಿಗ್ರಿವರೆಗೆ’ ಎಂದಿದೆ. ನಂಬಬಹುದೇ?

ಆ ಅಂಕಿಯನ್ನು ಹಾಗೇ ನಂಬಿ ಹೊರಡಬೇಡಿ. ಎಲ್ಲ ತಯಾರಕರೂ ಒಂದೇ ಪರೀಕ್ಷೆ ಮಾಡಿ ಬರೆಯುವ ಅಂಕಿ ಅದಲ್ಲ. ಧರಿಸಿದವರು ನಡೆಯುತ್ತಿದ್ದರೋ ಕೂತಿದ್ದರೋ, ಎಷ್ಟು ಹೊತ್ತು ಇದ್ದರೋ, ಕೆಳಗೆ ಹಿಮವಿತ್ತೋ ನೆಲವಿತ್ತೋ, ಇದಾವುದೂ ಪೆಟ್ಟಿಗೆಯ ಮೇಲೆ ಇರುವುದಿಲ್ಲ. ಕೆಲಸಗಾರರ ಸುರಕ್ಷತಾ ಬೂಟುಗಳಿಗೆ ಐಎಸ್‌ಒ 20345 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರಲ್ಲಿ ಚಳಿ ತಡೆಯುತ್ತದೆ ಎಂಬ ‘ಸಿಐ’ ಗುರುತು ಸಿಗಬೇಕಾದರೆ ಬೂಟನ್ನು ಮೈನಸ್ 17 ಡಿಗ್ರಿಯಲ್ಲಿ 30 ನಿಮಿಷ ಇಟ್ಟಾಗ ಒಳಗಿನ ತಾಪ 10 ಡಿಗ್ರಿಗಿಂತ ಹೆಚ್ಚು ಇಳಿಯಬಾರದು. ಇದು ಖಚಿತವಾದ ಪರೀಕ್ಷೆ, ಆದರೆ ಅರ್ಧ ಗಂಟೆಯದು. ನೀವು ಕೂರುವುದು ಅರ್ಧ ದಿನ.

ಒಂದೇ ಕಂಪನಿಯ ಎರಡು ಬೂಟುಗಳಲ್ಲಿ ಯಾವುದು ಹೆಚ್ಚು ಬೆಚ್ಚಗೆ ಎಂದು ಹೋಲಿಸಲು ಆ ಅಂಕಿ ಉಪಯೋಗಕ್ಕೆ ಬರುತ್ತದೆ. ಬೇರೆ ಬೇರೆ ಕಂಪನಿಗಳ ನಡುವೆ ಹೋಲಿಸಲು ಬರುವುದಿಲ್ಲ. ಕೂತು ಗಾಳ ಹಾಕುವವರು ಬರೆದ ಅಂಕಿಗಿಂತ 20 ಡಿಗ್ರಿಯಾದರೂ ಕಡಿಮೆ ಚಳಿಗಷ್ಟೇ ಆ ಬೂಟು ಸಾಕೆಂದು ಹಿಡಿದುಕೊಳ್ಳಬೇಕೆಂಬುದು ನನ್ನ ಲೆಕ್ಕ. ಮೈನಸ್ 20ರಲ್ಲಿ ಕೂರುವುದಾದರೆ ಮೈನಸ್ 40 ಎಂದು ಬರೆದ ಬೂಟು ನೋಡಿ.

ರಬ್ಬರ್, ನಿಯೋಪ್ರೀನ್, ಇವಿಎ, ಚರ್ಮ: ಯಾವುದು ಒಳ್ಳೆಯದು?

ನೀವು ಎಲ್ಲಿ ನಿಲ್ಲುತ್ತೀರಿ ಎಂಬುದರ ಮೇಲೆ ಹೋಗುತ್ತದೆ.

ರಬ್ಬರ್ ಹಳೆಯ, ನಂಬಿಕೆಯ ವಸ್ತು. ಹಸಿ ರಬ್ಬರ್ ಸೆಕೆಗೆ ಅಂಟುತ್ತಿತ್ತು, ಚಳಿಗೆ ಸೆಟೆದು ಬಿರಿಯುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸುವ ವಿಧಾನ ಕಂಡುಕೊಂಡ ಮೇಲೆ ಅದು ಬೂಟಿಗೆ ಒದಗಿತು. ನೀರನ್ನು ಪೂರ್ತಿ ತಡೆಯುತ್ತದೆ, ತೂತಾದರೆ ತೇಪೆ ಹಾಕಬಹುದು. ಆದರೆ ಭಾರ, ಮತ್ತು ರಬ್ಬರಿಗೆ ತನ್ನದೇ ಆದ ಬೆಚ್ಚಗಿಲ್ಲ. ಒಳಗೆ ಲೈನರ್, ಅಂದರೆ ಬೆಚ್ಚನೆಯ ಒಳಪದರ, ಇರಲೇಬೇಕು. ನೋಡಲು ರಬ್ಬರಿನಂತೆಯೇ ಇರುವ ಪಿವಿಸಿ ಗಮ್‌ಬೂಟು ಚಳಿಗೆ ಗಟ್ಟಿಯಾಗಿ, ಮಡಿಸುವ ಜಾಗದಲ್ಲಿ ಸೀಳುತ್ತದೆ. ಕೊರೆಯುವ ಚಳಿಗೆ ಅದನ್ನು ಕೊಳ್ಳಬೇಡಿ.

ನಿಯೋಪ್ರೀನ್ 1930ರಲ್ಲಿ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಕೃತಕ ರಬ್ಬರು. ಬೂಟಿಗೆ ಬಳಸುವುದು ಅದರ ನೊರೆ ರೂಪವನ್ನು. ಒಳಗಿನ ಪುಟ್ಟ ಪುಟ್ಟ ಗುಳ್ಳೆಗಳಲ್ಲಿ ಸಿಕ್ಕಿಬಿದ್ದ ಗಾಳಿಯೇ ಕಾಲನ್ನು ಬೆಚ್ಚಗಿಡುತ್ತದೆ. ಮೀನಖಂಡಕ್ಕೆ ಅಂಟಿ ಕೂರುವುದರಿಂದ ಮೇಲಿನಿಂದ ಹಿಮ ಉದುರುವುದಿಲ್ಲ. ದೋಣಿಗೆ, ದಡಕ್ಕೆ, ಸೊನ್ನೆಯ ಆಸುಪಾಸಿನ ಚಳಿಗೆ ಇದಕ್ಕಿಂತ ಹಿತವಾದದ್ದು ಕಡಿಮೆ. ಬೆವರು ಮಾತ್ರ ಒಳಗೇ ಉಳಿಯುತ್ತದೆ, ಒಣಗಲು ತುಂಬ ಹೊತ್ತು ಬೇಕು.

ಇವಿಎ ಎಂದರೆ ಅಚ್ಚಿನಲ್ಲಿ ಎರಕ ಹೊಯ್ದ ಹಗುರ ಫೋಮು. ಕೈಯಲ್ಲಿ ಎತ್ತಿದರೆ ಇದು ಬೂಟೇ ಹೌದೇ ಎನಿಸುವಷ್ಟು ಹಗುರ. ಹೊಲಿಗೆಯೇ ಇಲ್ಲದ್ದರಿಂದ ನೀರು ಇಳಿಯಲು ದಾರಿಯಿಲ್ಲ. ಹೆಪ್ಪುಗಟ್ಟಿದ ಕೆರೆಯ ಮೇಲೆ ತೂತು ಕೊರೆದು, ಕದಲದೆ ಕೂತು ಗಾಳ ಹಾಕುವ ಮಂಜುಗಡ್ಡೆಯ ಬೇಟೆಗೆ ನನ್ನ ಮೊದಲ ಆಯ್ಕೆ ಇದೇ, ಒಳಗೆ ದಪ್ಪ ಲೈನರ್ ಇದ್ದರೆ. ಎರಡು ಕೊರತೆಗಳಿವೆ. ಮಂಜುಗಡ್ಡೆ ಕೊರೆಯುವ ಬೈರಿಗೆಯ ಅಲಗು, ಗಾಳದ ಮುಳ್ಳು, ಚೂಪಾದ ಮಂಜಿನಂಚು ತಾಗಿದರೆ ಸುಲಭವಾಗಿ ಕುಯ್ಯುತ್ತದೆ. ಬರಿಯ ಇವಿಎ ಅಟ್ಟೆ ನುಣುಪು ಮಂಜುಗಡ್ಡೆಯ ಮೇಲೆ ಜಾರುತ್ತದೆ. ಅಟ್ಟೆಗೆ ಬೇರೆ ರಬ್ಬರ್ ಅಂಟಿಸಿದ್ದನ್ನು ಆರಿಸಿ.

ಪಾದದ ಭಾಗ ರಬ್ಬರ್, ಮೇಲೆ ಚರ್ಮ ಇರುವ ಬೂಟಿಗೂ ದೊಡ್ಡ ಇತಿಹಾಸವಿದೆ. ಅಮೆರಿಕದ ಮೇನ್ ರಾಜ್ಯದ ಲಿಯಾನ್ ಲಿಯನ್‌ವುಡ್ ಬೀನ್ 1912ರಲ್ಲಿ ಇಂಥ ಬೇಟೆ ಬೂಟುಗಳ ಮಾರಾಟ ಶುರು ಮಾಡಿದಾಗ ಮೊದಲ 100 ಜೊತೆಗಳಲ್ಲಿ 90 ವಾಪಸ್ ಬಂದವು. ಚರ್ಮ ಮತ್ತು ರಬ್ಬರ್ ಸೇರುವ ಜಾಗವೇ ಬಿಟ್ಟುಕೊಂಡಿತ್ತು. ಆತ ಹಣ ಹಿಂದಿರುಗಿಸಿ, ಬೂಟನ್ನು ಸುಧಾರಿಸಿದ. ಇಂದಿಗೂ ಈ ಬಗೆಯ ಬೂಟು ಕೊಳ್ಳುವಾಗ ಮೊದಲು ಬೆರಳಾಡಿಸಬೇಕಾದದ್ದು ಆ ಸೇರುವ ಗೆರೆಯ ಮೇಲೆಯೇ. ಪಾದವನ್ನು ಮಡಿಸಿದಂತೆ ಬೂಟನ್ನು ಬಗ್ಗಿಸಿ ನೋಡಿ: ಹೊಲಿಗೆಯ ತೂತು ಬಾಯಿ ಬಿಟ್ಟರೆ, ಅಂಟಿನ ಗೆರೆ ಎದ್ದಂತೆ ಕಂಡರೆ ಅಲ್ಲಿಯೇ ಇಟ್ಟುಬಿಡಿ. ಲೇಸಿನ ಹಿಂದಿನ ನಾಲಿಗೆ ಎರಡೂ ಪಕ್ಕಕ್ಕೆ ಎಲ್ಲಿಯವರೆಗೆ ಹೊಲಿದಿದೆ ಎಂದೂ ನೋಡಬೇಕು. ಬೂಟು ಎಷ್ಟೇ ಎತ್ತರವಿರಲಿ, ನೀರು ತಡೆಯುವುದು ಆ ಹೊಲಿಗೆ ಮುಗಿಯುವವರೆಗೆ ಮಾತ್ರ.

ಬೆವರು ಹೊರಹೋಗಲು ಬಿಡುವ ಮೆಂಬ್ರೇನ್ ಬೂಟು ಎಲ್ಲಕ್ಕಿಂತ ಮೇಲಲ್ಲವೇ?

ನಡಿಗೆ ಹೆಚ್ಚಿದ್ದರೆ ಮೇಲು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ವಸ್ತುವನ್ನು ಥಟ್ಟನೆ ಎಳೆದು ಹಿಗ್ಗಿಸಿದಾಗ ಸಿಕ್ಕ ಪದರ ಇದರ ಮೂಲ. ಅದರ ರಂಧ್ರಗಳಲ್ಲಿ ಆವಿ ನುಸುಳುತ್ತದೆ, ನೀರಿನ ಹನಿ ನುಸುಳದು. ಆದರೆ ಆವಿ ಹೊರಡಬೇಕಾದರೆ ಹೊರಗೆ ಅದಕ್ಕೆ ಜಾಗ ಬೇಕು. ಬೂಟಿನ ಹೊರಮೈ ನೆನೆದು, ಅದರ ಮೇಲೆ ಹಿಮ ಕಟ್ಟಿಕೊಂಡಾಗ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಗಂಟೆಗಟ್ಟಲೆ ನೀರು-ಹಿಮದ ರಾಡಿಯಲ್ಲಿ ನಿಲ್ಲುವವರು ಪಾದದ ಭಾಗ ರಬ್ಬರೋ ಇವಿಎಯೋ ಆಗಿರುವ ಬೂಟು ತೆಗೆದುಕೊಂಡು, ಬೆವರನ್ನು ಲೈನರ್ ಒಣಗಿಸಿ ನಿಭಾಯಿಸುವುದು ಒಳ್ಳೆಯದು.

400 ಗ್ರಾಂ, 800 ಗ್ರಾಂ, 1200 ಗ್ರಾಂ ಎಂದು ಬರೆದಿರುತ್ತಾರಲ್ಲ, ಅದೇನು?

ಕಾಲನ್ನು ಬೆಚ್ಚಗಿಡಲು ಒಳಗೆ ಹಾಕುವ ಹೊದಿಕೆ ಪದರದ ಒಂದು ಚದರ ಮೀಟರಿನ ತೂಕ. ಬೂಟಿನ ತೂಕವಲ್ಲ. ಒಂದೇ ಬಗೆಯ ಪದರವಾದರೆ ಹೆಚ್ಚು ಗ್ರಾಂ ಎಂದರೆ ಹೆಚ್ಚು ಬೆಚ್ಚಗೆ. 400 ನಡೆಯುತ್ತಾ ಬೇಟೆಯಾಡುವವರಿಗೆ, 800ರಿಂದ ಮೇಲೆ ಕೂರುವವರಿಗೆ ಎಂದು ಸ್ಥೂಲವಾಗಿ ಹಿಡಿಯಬಹುದು. ಆದರೆ ಈ ಪದರ ಸಾಮಾನ್ಯವಾಗಿ ಇರುವುದು ಪಾದದ ಮೇಲೆ ಮತ್ತು ಪಕ್ಕದಲ್ಲಿ. ಅಂಗಾಲಿನ ಕೆಳಗೆ ಏನಿದೆ ಎಂಬುದನ್ನು ಈ ಅಂಕಿ ಹೇಳುವುದಿಲ್ಲ.

ಹಾಗಾದರೆ ಅಂಗಾಲಿನ ಕೆಳಗೆ ಏನಿರಬೇಕು?

ಕೊಳ್ಳುವವರು ಕೇಳುವುದನ್ನೇ ಮರೆಯುವ ಪ್ರಶ್ನೆ ಇದು.

ನಿಂತ ಗಾಳಿ ಬಿಸಿಯನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ನೀರು ಅದಕ್ಕಿಂತ ಸುಮಾರು 25 ಪಟ್ಟು ಬೇಗ ದಾಟಿಸುತ್ತದೆ. ಗಟ್ಟಿ ಮಂಜುಗಡ್ಡೆಯಂತೂ ನೀರಿಗಿಂತಲೂ ಮೂರು-ನಾಲ್ಕು ಪಟ್ಟು. ಆ ಮಂಜುಗಡ್ಡೆಯ ಮೇಲೆ ಇಡೀ ಮೈಭಾರ ಹಾಕಿ ನೀವು ನಿಂತಿರುತ್ತೀರಿ. ಬೂಟಿನ ಮೇಲ್ಭಾಗದಲ್ಲಿ ಉಬ್ಬಿಕೊಂಡು ಕೆಲಸ ಮಾಡುವ ಮೆತ್ತನೆಯ ಹೊದಿಕೆ ಅಂಗಾಲಿನ ಕೆಳಗೆ ಚಪ್ಪಟೆಯಾಗಿ ಹೋಗುತ್ತದೆ, ಅದರೊಳಗಿನ ಗಾಳಿಯೂ ಹೋಗುತ್ತದೆ. ಹಾಗಾಗಿ ಕೆಳಗೆ ಭಾರಕ್ಕೆ ಅಮುಕದ ವಸ್ತು ಬೇಕು: ಒತ್ತಾಗಿ ಬಡಿದ ಉಣ್ಣೆಯ ಫೆಲ್ಟ್, ಗಟ್ಟಿ ಫೋಮ್, ಅದರ ಕೆಳಗೆ ದಪ್ಪ ರಬ್ಬರ್.

ಅಂಗಡಿಯಲ್ಲಿ ಒಳಗಿನ ಇನ್‌ಸೋಲ್ (ಅಂಗಾಲಿನ ಕೆಳಗಿನ ಹಾಸು) ಎತ್ತಿ ಕೈಗೆ ತೆಗೆದುಕೊಳ್ಳಿ. ಹೆಬ್ಬೆರಳಿನಿಂದ ಬಲವಾಗಿ ಅದುಮಿ. ಕಾಗದದಷ್ಟು ತೆಳ್ಳಗಾಗಿ ಕೆಳಗಿನ ಬೆರಳು ತಗುಲಿದರೆ ಅದರಿಂದ ಚಳಿ ನಿಲ್ಲುವುದಿಲ್ಲ. ಅದರ ಬದಲು ದಪ್ಪ ಫೆಲ್ಟ್ ಇನ್‌ಸೋಲ್ ಹಾಕಿಕೊಳ್ಳಬಹುದು, ಆದರೆ ಬೂಟಿನೊಳಗೆ ಅದಕ್ಕೆ ಎತ್ತರ ಇರಬೇಕು. ಕಬ್ಬಿಣದ ಟೋ ಇರುವ ಕೆಲಸದ ಬೂಟು ಈ ಬೇಟೆಗೆ ಬೇಡ, ಬೆರಳಿನ ಸುತ್ತಲೇ ತಣ್ಣಗಾದ ಲೋಹ ಇಟ್ಟುಕೊಂಡಂತಾಗುತ್ತದೆ.

ಬೂಟು ಎಷ್ಟೇ ಒಳ್ಳೆಯದಿರಲಿ, ಕೂರುವ ಜಾಗದಲ್ಲಿ ಕಾಲ ಕೆಳಗೆ ಒಂದು ಫೋಮ್ ಚಾಪೆಯನ್ನೋ ಮರದ ಹಲಗೆಯನ್ನೋ ಹಾಕಿಕೊಳ್ಳಿ. ಇಷ್ಟು ಅಗ್ಗದ, ಇಷ್ಟು ಬೇಗ ಫಲ ಕೊಡುವ ಉಪಾಯ ಇನ್ನೊಂದಿಲ್ಲ.

ಲೈನರ್ ಹೊರಗೆ ತೆಗೆಯುವಂಥದ್ದಿರಬೇಕೇ, ಬೂಟಿಗೆ ಸೇರಿಕೊಂಡದ್ದೇ ಸಾಕೇ?

ದಿನವಿಡೀ ಇರುವವರಿಗೆ, ಮರುದಿನವೂ ಹೋಗುವವರಿಗೆ ತೆಗೆಯುವ ಲೈನರೇ ಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಕಾಲು ತಣ್ಣಗಾಗಲು ಹೊರಗಿನ ನೀರೇ ಬೇಕಿಲ್ಲ. ಸಾಮಾನು ಎಳೆದುಕೊಂಡು, ಹಿಮದಲ್ಲಿ ಏದುಸಿರು ಬಿಡುತ್ತಾ ಜಾಗ ತಲುಪುವಷ್ಟರಲ್ಲಿ ಪಾದ ಬೆವರಿರುತ್ತದೆ. ಆ ಬೆವರು ಲೈನರಿಗೆ ಇಳಿದು, ಹೊರ ಪದರದ ತಣ್ಣನೆ ರಬ್ಬರಿಗೆ ತಾಗಿ ನೀರಾಗುತ್ತದೆ. ಚಳಿ ತೀವ್ರವಿದ್ದ ದಿನದ ಕೊನೆಗೆ ಲೈನರನ್ನು ಹೊರಗೆಳೆದು ನೋಡಿ: ಬೆರಳಿನ ತುದಿಯ ಹೊರಮೈಯಲ್ಲಿ ಪುಡಿಪುಡಿಯಾದ ಬಿಳಿ ಹಿಮ ಅಂಟಿರುತ್ತದೆ, ಬೂಟಿನ ತಳದಲ್ಲಿ ಕೈಯಾಡಿಸಿದರೆ ತೇವ ಹತ್ತುತ್ತದೆ. ಬೂಟು ಸೋರುತ್ತಿದೆ ಎಂದು ಎಷ್ಟೋ ಜನ ದೂರುವುದು ಈ ತೇವವನ್ನು ಕಂಡು. ಅದನ್ನು ಒಣಗಿಸದೆ ಮರುದಿನ ಹಾಕಿಕೊಂಡರೆ ಬೆಳಗಿನಿಂದಲೇ ಒದ್ದೆ ಕಾಲು.

ಸೇರಿಕೊಂಡ ಹೊದಿಕೆಯ ಬೂಟು ಒಂದು ರಾತ್ರಿಯಲ್ಲಿ ಪೂರ್ತಿ ಒಣಗುವುದು ಕಷ್ಟ. ಹೊರತೆಗೆದ ಲೈನರನ್ನು ಬೆಚ್ಚನೆ ಕೋಣೆಯಲ್ಲಿ ನೇತುಹಾಕಿದರೆ ಬೆಳಗಿಗೆ ಸಿದ್ಧ. ಸಾಧ್ಯವಾದರೆ ಇನ್ನೊಂದು ಜೊತೆ ಲೈನರ್ ಇಟ್ಟುಕೊಳ್ಳಿ. ಉಣ್ಣೆ ಹೆಚ್ಚಿರುವ ಲೈನರ್ ಒದ್ದೆಯಾದಾಗಲೂ ಒಂದಿಷ್ಟು ಬೆಚ್ಚಗಿರುತ್ತದೆ, ಕೃತಕ ನೂಲಿನದು ಬೇಗ ಒಣಗುತ್ತದೆ.

ರಷ್ಯಾದಲ್ಲಿ ಮಂಜುಗಡ್ಡೆಯ ಮೇಲೆ ಮೀನು ಹಿಡಿಯುವವರು ತಲೆಮಾರುಗಳಿಂದ ವಾಲೆಂಕಿ ಎಂಬ ಬಡಿದ ಉಣ್ಣೆಯ ಬೂಟನ್ನೇ ಹಾಕಿಕೊಂಡು, ಅದರ ಮೇಲೆ ರಬ್ಬರಿನ ಗಲೋಶ್ ತೊಡುತ್ತಾರೆ. ಒಣ ಚಳಿಗೆ ಅದ್ಭುತವಾದದ್ದು. ಮಂಜುಗಡ್ಡೆಯ ಮೇಲೆ ನೀರು ಉಕ್ಕಿದ ದಿನ ಗಲೋಶಿನ ಅಂಚು ದಾಟಿದರೆ ಕಷ್ಟ.

ಅಳತೆ ಹೇಗೆ ನೋಡುವುದು? ಒಂದು ಸೈಜು ದೊಡ್ಡದು ತಗೊಳ್ಳಬೇಕಾ?

ಬಹಳಷ್ಟು ಜನರಿಗೆ ಹೌದು, ಆದರೆ ಕಣ್ಣುಮುಚ್ಚಿ ಅಲ್ಲ. ಕೆಲವು ತಯಾರಕರು ದಪ್ಪ ಕಾಲುಚೀಲದ ಲೆಕ್ಕ ಹಿಡಿದೇ ಅಚ್ಚು ಮಾಡಿರುತ್ತಾರೆ. ಹಾಗಾಗಿ ಸೈಜಿನ ಅಂಕಿಗಿಂತ ಕಾಲಿನ ಮಾತು ಕೇಳಿ. ಸಂಜೆ ಹೊತ್ತು ಪಾದ ಸ್ವಲ್ಪ ಊದಿರುತ್ತದೆ, ಆಗ ಹೋಗಿ. ಬೇಟೆಗೆ ಹಾಕುವ ಕಾಲುಚೀಲವನ್ನೇ ತೊಟ್ಟು ನೋಡಿ.

ನಿಂತಾಗ ಬೆರಳುಗಳ ಮುಂದೆ ಒಂದು ಬೆರಳಿನಗಲ ಜಾಗ ಬೇಕು, ಎಲ್ಲ ಬೆರಳುಗಳೂ ಮೇಲೆ ಕೆಳಗೆ ಸಲೀಸಾಗಿ ಆಡಬೇಕು. ಪಾದದ ಮೇಲ್ಭಾಗದಲ್ಲಿ ಒತ್ತಬಾರದು, ಅಲ್ಲೂ ರಕ್ತನಾಳಗಳು ಹಾಯುತ್ತವೆ. ಹಿಮ್ಮಡಿ ತುಸು ಎದ್ದರೆ ಪರವಾಗಿಲ್ಲ, ಪ್ರತಿ ಹೆಜ್ಜೆಗೂ ಬೂಟು ಕಳಚಿಬರುವಂತಿದ್ದರೆ ಅದು ದೊಡ್ಡದಾಯಿತು. ಆಮೇಲೆ ಒಂದು ಕುರ್ಚಿಯ ಮೇಲೆ ಹತ್ತು ನಿಮಿಷ ಕೂತು ನೋಡಿ. ಕೂತಾಗ ಮಂಡಿ, ಕಣಕಾಲು ಮಡಿಚಿ ಬೂಟಿನ ಕಂಠ ಎಲ್ಲಿ ಒತ್ತುತ್ತದೆ ಎಂಬುದು ನಿಂತಾಗ ತಿಳಿಯುವುದಿಲ್ಲ.

ಬಿಗಿ ಬೂಟು ಎರಡು ಬಗೆಯಲ್ಲಿ ಕಾಡುತ್ತದೆ: ಹೊದಿಕೆಯೊಳಗಿನ ಗಾಳಿಯನ್ನು ಹಿಂಡುತ್ತದೆ, ಬಿಸಿ ತರುವ ರಕ್ತವನ್ನೂ ತಡೆಯುತ್ತದೆ. ಎರಡು ಜೊತೆ ದಪ್ಪ ಕಾಲುಚೀಲ ತುರುಕಿಕೊಂಡವರ ಕಾಲು ಒಂದೇ ಜೊತೆ ಹಾಕಿದವರ ಕಾಲಿಗಿಂತ ಮೊದಲು ಮರಗಟ್ಟುವುದು ಇದಕ್ಕೇ.

ಕಾಲುಚೀಲ ಯಾವುದು? ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳುವ ಉಪಾಯ ಸರಿಯೇ?

ಹತ್ತಿ ಬೇಡವೇ ಬೇಡ. ಬೆವರು ಹೀರಿ ಒದ್ದೆಯಾಗಿ ಚರ್ಮಕ್ಕೆ ಅಂಟಿಕೊಂಡೇ ಇರುತ್ತದೆ. ತೆಳುವಾದ ಕೃತಕ ನೂಲಿನ ಅಥವಾ ಮೆರಿನೊ ಉಣ್ಣೆಯ ಕಾಲುಚೀಲ ಒಳಗೆ, ಅದರ ಮೇಲೆ ದಪ್ಪ ಉಣ್ಣೆಯದೊಂದು. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಹಸಿ ಅನ್ನಿಸುವುದಿಲ್ಲ. ಇನ್ನೊಂದು ಜೊತೆ ಒಣ ಕಾಲುಚೀಲವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಜಾಗ ತಲುಪಿದ ಮೇಲೆ ಬದಲಿಸಿ. ಆ ಎರಡು ನಿಮಿಷದ ಕೆಲಸ ಇಡೀ ದಿನವನ್ನು ಉಳಿಸುತ್ತದೆ.

ಪ್ಲಾಸ್ಟಿಕ್ ಕವರಿನ ಉಪಾಯದಲ್ಲಿ ಅರ್ಥವಿದೆ. ತೆಳು ಕಾಲುಚೀಲದ ಮೇಲೆ ಕವರ್, ಅದರ ಮೇಲೆ ಉಣ್ಣೆ. ಬೆವರು ಒಳಗೇ ನಿಂತು ಉಣ್ಣೆ, ಲೈನರ್ ಒಣಗಿರುತ್ತವೆ. ಕೊರಿಯಾ ಯುದ್ಧದ ಕಾಲದಿಂದ ಅಮೆರಿಕದ ಸೈನ್ಯ ಬಳಸಿದ ದಪ್ಪ ರಬ್ಬರ್ ಬೂಟುಗಳು ಇದೇ ತತ್ವದವು: ಎರಡು ರಬ್ಬರ್ ಪದರಗಳ ನಡುವೆ ಹೊದಿಕೆಯನ್ನು ಮೊಹರು ಮಾಡಿಬಿಟ್ಟದ್ದರಿಂದ ಹೊರಗಿನ ನೀರೂ ಒಳಗಿನ ಬೆವರೂ ಅದನ್ನು ಮುಟ್ಟುವುದಿಲ್ಲ. ಅವುಗಳಲ್ಲಿ ಬಿಳಿಯ ಬಣ್ಣದ್ದು ಸುಮಾರು ಮೈನಸ್ 54 ಡಿಗ್ರಿಯವರೆಗೆ ಎಂದು ಲೆಕ್ಕ. ಆದರೆ ಪಾದ ದಿನವಿಡೀ ಹಸಿಯಲ್ಲೇ ಇರುತ್ತದೆ, ಚರ್ಮ ನೆನೆದು ಸುಕ್ಕಾಗುತ್ತದೆ. ನಡುವೆ ಒಮ್ಮೆ ಬಿಚ್ಚಿ ಒರೆಸಿಕೊಳ್ಳಲೇಬೇಕು.

ದೋಣಿಯಲ್ಲಿ ಹೋಗುವವರು ಏನು ಗಮನಿಸಬೇಕು?

ಅಟ್ಟೆಯಲ್ಲಿ ಆಳವಾದ ಹಲ್ಲುಗಳಿಗಿಂತ ಒತ್ತೊತ್ತಾಗಿ ಸೀಳಿದ ಸಣ್ಣ ಗೀರುಗಳಿರುವ ಮೆತ್ತನೆ ರಬ್ಬರ್ ಒದ್ದೆ ಹಲಗೆಯನ್ನು ಚೆನ್ನಾಗಿ ಹಿಡಿಯುತ್ತದೆ. ಬೂಟು ಬೇಕೆಂದಾಗ ಒದ್ದು ಕಳಚುವಷ್ಟು ಸಡಿಲವಿರಲಿ. ನೀರು ತುಂಬಿದ ಬೂಟು ಕಲ್ಲಿನಂತೆ ಕೆಳಗೆಳೆಯುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ, ನೀರೊಳಗೆ ನೀರಿಗೆ ಭಾರವಿಲ್ಲ. ಆದರೆ ಈಜಲು ಕಾಲು ಬಡಿಯುವುದು ಕಷ್ಟವಾಗುತ್ತದೆ, ದೋಣಿ ಹತ್ತಲು ಕಾಲೆತ್ತಿದಾಗ ಆ ನೀರೆಲ್ಲ ಭಾರವೇ. ಕೊರೆಯುವ ನೀರಿನಲ್ಲಿ ಕೈಕಾಲು ಮಾತು ಕೇಳುವುದು ಹತ್ತು ನಿಮಿಷದ ಆಸುಪಾಸು ಮಾತ್ರ. ಲೈಫ್ ಜಾಕೆಟ್ ಇಲ್ಲದೆ ಬೂಟಿನ ಬಗ್ಗೆ ಯೋಚಿಸಿ ಪ್ರಯೋಜನವಿಲ್ಲ.

ಹೊಳೆಯೊಳಗೆ ಇಳಿದು ನಿಲ್ಲುವವರಿಗೆ?

ಅವರಿಗೆ ಬೂಟಲ್ಲ, ಎದೆಯವರೆಗೆ ಬರುವ, ನೀರು ಇಳಿಯದ ಪ್ಯಾಂಟಿನಂಥ ವೇಡರ್ ಬೇಕು, ಅದರ ಪಾದದ ಭಾಗ ನಿಯೋಪ್ರೀನ್ ಆಗಿದ್ದರೆ ಒಳ್ಳೆಯದು. ಮೇಲೆ ತೊಡುವ ಬೂಟು ದಪ್ಪ ಕಾಲುಚೀಲಕ್ಕೆ ಜಾಗ ಬಿಡುವಷ್ಟು ದೊಡ್ಡದಿರಲಿ. ಪಾಚಿಗಲ್ಲಿನ ಮೇಲೆ ಫೆಲ್ಟ್ ಅಟ್ಟೆ ಚೆನ್ನಾಗಿ ಹಿಡಿದರೂ, ದಡಕ್ಕೆ ಬಂದಾಗ ಅದಕ್ಕೆ ಹಿಮ ಅಂಟಿ ಉಂಡೆಗಟ್ಟುತ್ತದೆ. ಅಲ್ಲದೆ ಒಂದು ಹೊಳೆಯ ಪಾಚಿ, ರೋಗಾಣುಗಳನ್ನು ಇನ್ನೊಂದು ಹೊಳೆಗೆ ಹೊತ್ತೊಯ್ಯುತ್ತದೆ. ಆ ಕಾರಣಕ್ಕೇ ನ್ಯೂಜಿಲೆಂಡ್ 2008ರಲ್ಲಿ ಫೆಲ್ಟ್ ಅಟ್ಟೆಯನ್ನು ನಿಷೇಧಿಸಿತು. ಮೊಳೆ ಬಡಿದ ರಬ್ಬರ್ ಅಟ್ಟೆ ಚಳಿಗಾಲಕ್ಕೆ ಸೂಕ್ತ.

ಮಂಜುಗಡ್ಡೆಯ ಮೇಲೆ ಜಾರದಿರಲು ಅಟ್ಟೆ ಒಂದೇ ಸಾಕೇ?

ಸಾಲದು. ಹಿಮದ ಹೊದಿಕೆಯಿಲ್ಲದ ನುಣುಪು ಮಂಜುಗಡ್ಡೆಯ ಮೇಲೆ ಯಾವ ರಬ್ಬರನ್ನೂ ನಾನು ನಂಬುವುದಿಲ್ಲ. ಬೂಟಿನ ಮೇಲೆ ಎಳೆದು ಹಾಕುವ ಮೊಳೆಪಟ್ಟಿ ಕೊಳ್ಳಿ. ಬೂಟಿನ ದಪ್ಪಕ್ಕೆ ತಕ್ಕ ಅಳತೆಯದು ಬೇಕು, ಚಿಕ್ಕದಾದರೆ ಮುಂಭಾಗವನ್ನು ಅಮುಕಿ ಬೆರಳು ತಣ್ಣಗಾಗಿಸುತ್ತದೆ. ವಾಹನ ಹತ್ತುವ ಮೊದಲು ಬಿಚ್ಚಿಡಿ.

ಬಿಸಿ ಪೊಟ್ಟಣ, ಬ್ಯಾಟರಿ ಇನ್‌ಸೋಲ್ ಇದ್ದರೆ ಸಾಧಾರಣ ಬೂಟು ಸಾಕಲ್ಲವೇ?

ಸಾಲದು, ಅವು ಆಪತ್ಕಾಲಕ್ಕೆ. ಪೊಟ್ಟಣದೊಳಗಿನ ಕಬ್ಬಿಣದ ಪುಡಿ ತುಕ್ಕು ಹಿಡಿಯುವಾಗ ಬಿಸಿ ಹುಟ್ಟುತ್ತದೆ, ತುಕ್ಕಿಗೆ ಗಾಳಿ ಬೇಕು. ಮುಚ್ಚಿದ ರಬ್ಬರ್ ಬೂಟಿನೊಳಗೆ ಗಾಳಿ ಕಡಿಮೆ, ಹಾಗಾಗಿ ಅದು ಮಂಕಾಗುತ್ತದೆ. ಕಾಲಿಗೆಂದೇ ಮಾಡಿದ ಪೊಟ್ಟಣ ತಂದು, ಬೂಟಿಗೆ ಹಾಕುವ ಮೊದಲು ಹೊರಗೆ ಬಿಸಿಯೇರಲು ಬಿಡಿ. ಕಾಲುಚೀಲದ ಮೇಲೆ ಅಂಟಿಸಿ, ಚರ್ಮಕ್ಕಲ್ಲ. ಬ್ಯಾಟರಿಯು ಚಳಿಗೆ ಬೇಗ ಸೊರಗುತ್ತದೆ, ಅದನ್ನು ಬಟ್ಟೆಯೊಳಗೆ ಇಟ್ಟುಕೊಳ್ಳಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ಎರಡನ್ನೂ ವೈದ್ಯರನ್ನು ಕೇಳದೆ ಬಳಸಬಾರದು: ಸುಟ್ಟರೂ ತಿಳಿಯುವುದಿಲ್ಲ.

ಮಕ್ಕಳಿಗೆ ಮುಂದಿನ ವರ್ಷಕ್ಕೂ ಆಗಲೆಂದು ದೊಡ್ಡದು ಕೊಳ್ಳಬಹುದೇ?

ಬೇಡ. ತೀರಾ ದೊಡ್ಡ ಬೂಟಿನೊಳಗೆ ಪ್ರತಿ ಹೆಜ್ಜೆಗೂ ತಣ್ಣನೆ ಗಾಳಿ ಒಳಹೊಕ್ಕು ಬೆಚ್ಚನೆ ಗಾಳಿ ಹೊರಬೀಳುತ್ತದೆ, ಮಗು ಎಡವುತ್ತದೆ. ತೆಗೆಯುವ ಲೈನರ್ ಇರುವ, ತಾನೇ ಹಾಕಿಕೊಳ್ಳಬಲ್ಲ ಬೂಟು ಕೊಡಿಸಿ. ‘ಚಳಿ ಆಗುತ್ತಿದೆಯಾ’ ಎಂದು ಕೇಳಿ ಸುಮ್ಮನಾಗಬೇಡಿ, ಆಗಾಗ ಕಾಲುಚೀಲದೊಳಗೆ ಕೈ ಹಾಕಿ ಬೆರಳು ಮುಟ್ಟಿ ನೋಡಿ.

ಇಷ್ಟೆಲ್ಲ ಮಾಡಿಯೂ ಕಾಲು ಮರಗಟ್ಟಿದರೆ?

ಮೊದಲು ಎದ್ದು ನಡೆಯಿರಿ, ಲೇಸು ಸಡಿಲಿಸಿ, ಕಾಲುಚೀಲ ಬದಲಿಸಿ. ನೋವು ಇದ್ದಕ್ಕಿದ್ದಂತೆ ನಿಂತುಹೋದರೆ ಸಮಾಧಾನಪಡಬೇಡಿ, ಅದು ಕೆಟ್ಟ ಸೂಚನೆ. ಬೆರಳು ಬೆಳ್ಳಗೆ ಅಥವಾ ಬೂದುಬಣ್ಣಕ್ಕೆ ತಿರುಗಿ ಮೇಣದಂತೆ ಗಟ್ಟಿಯಾಗಿದ್ದರೆ ಅದು ಹಿಮಕಡಿತ. ಹಿಮದಿಂದ ಉಜ್ಜುವುದು, ಬೆಂಕಿಗೆ ಒಡ್ಡುವುದು ಎರಡೂ ಹಾನಿ. ಬೆಚ್ಚನೆ ಜಾಗಕ್ಕೆ ಹೋಗಿ, ಮತ್ತೆ ಹೆಪ್ಪುಗಟ್ಟುವ ಸಂಭವ ಇಲ್ಲವೆಂದು ಖಚಿತವಾದ ಮೇಲಷ್ಟೇ 37ರಿಂದ 39 ಡಿಗ್ರಿಯ ನೀರಿನಲ್ಲಿ ಪಾದ ಇಡಿ, ವೈದ್ಯರನ್ನು ಕಾಣಿ.

ಸೊನ್ನೆಗಿಂತ ಮೇಲಿನ ತಾಪದಲ್ಲೂ ಗಂಟೆಗಟ್ಟಲೆ ಒದ್ದೆಯಲ್ಲಿದ್ದ ಪಾದಕ್ಕೆ ಹಾನಿಯಾಗುತ್ತದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸಾವಿರಾರು ಸೈನಿಕರ ಪಾದ ಕೆಟ್ಟದ್ದು ಹಾಗೆಯೇ. ‘ಹೆಪ್ಪುಗಟ್ಟುವ ಚಳಿಯೇನಿಲ್ಲವಲ್ಲ’ ಎಂದು ಒದ್ದೆ ಬೂಟಿನಲ್ಲೇ ದಿನ ಕಳೆಯಬೇಡಿ.

ಹೊಸ ಬೂಟು ನೀರು ತಡೆಯುತ್ತದೆಯೇ ಎಂದು ಮನೆಯಲ್ಲೇ ನೋಡುವುದು ಹೇಗೆ?

ಒಳಗೆ ಒಣ ಪತ್ರಿಕೆ ಕಾಗದ ತುಂಬಿ, ಬೂಟು ತೇಲದಂತೆ ಭಾರ ಇಟ್ಟು, ಬಕೆಟ್ಟಿನ ನೀರಿನಲ್ಲಿ ಕಂಠದ ಕೆಳಗಿನವರೆಗೆ ಒಂದು ಗಂಟೆ ನಿಲ್ಲಿಸಿ. ಕಾಗದ ಎಲ್ಲಿ ನೆನೆದಿದೆಯೋ ತೂತು ಅದರ ಆಸುಪಾಸಿನಲ್ಲಿದೆ. ಹಳೆಯ ರಬ್ಬರ್ ಬೂಟಾದರೆ ಕತ್ತಲೆ ಕೋಣೆಯಲ್ಲಿ ಲೈನರ್ ತೆಗೆದು ಒಳಗೆ ಟಾರ್ಚ್ ಬಿಟ್ಟು ಮಡಿಕೆಗಳನ್ನು ಬಗ್ಗಿಸಿ ನೋಡಿ, ಕೂದಲೆಳೆಯ ಬಿರುಕಿನಿಂದಲೂ ಬೆಳಕು ಕಾಣುತ್ತದೆ. ಸಣ್ಣ ತೂತಿಗೆ ಸೈಕಲ್ ಟ್ಯೂಬಿನ ಪಂಕ್ಚರ್ ಸಾಮಾನೇ ಸಾಕು: ಉಜ್ಜಿ, ಒಣಗಿಸಿ, ಅಂಟಿಸಿ.

ಬಳಸಿದ ಮೇಲೆ ಹೇಗೆ ಇಡಬೇಕು?

ಒಲೆಯ ಪಕ್ಕ, ಹೀಟರಿನ ಮೇಲೆ ಇಡಬೇಡಿ. ಅಂಟು ಬಿಡುತ್ತದೆ, ಇವಿಎ ಕುಗ್ಗುತ್ತದೆ, ಚರ್ಮ ಸುರುಟುತ್ತದೆ. ಕಾಗದ ತುರುಕಿ, ಒಂದೆರಡು ಗಂಟೆಗೊಮ್ಮೆ ಬದಲಿಸಿ, ಗಾಳಿಯಾಡುವ ಕಡೆ ಇಡಿ. ರಾತ್ರಿ ಬೂಟನ್ನು ವಾಹನದಲ್ಲೇ ಬಿಟ್ಟರೆ ಬೆಳಗ್ಗೆ ಹೆಪ್ಪುಗಟ್ಟಿದ ಲೈನರಿಗೆ ಕಾಲು ತೂರಿಸಬೇಕಾಗುತ್ತದೆ. ಬೈರಿಗೆಯ ಎಂಜಿನ್ನಿನ ಪೆಟ್ರೋಲ್, ಎಣ್ಣೆ ಚೆಲ್ಲಿದರೆ ಕೂಡಲೇ ತೊಳೆಯಿರಿ, ರಬ್ಬರ್ ಊದಿ ಹಾಳಾಗುತ್ತದೆ.

ಋತು ಮುಗಿದ ಮೇಲೆ ಪೂರ್ತಿ ಒಣಗಿಸಿ, ಮಡಚದೆ ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಡಿ. ರಬ್ಬರಿನ ಮೇಲೆ ಬಿಳಿ ಪುಡಿಯಂಥದ್ದು ಮೂಡಿದರೆ ಗಾಬರಿ ಬೇಡ, ರಬ್ಬರಿಗೆ ಬೆರೆಸಿದ ಪದಾರ್ಥವೇ ಮೇಲೆ ಬಂದಿರುತ್ತದೆ, ಒರೆಸಿದರೆ ಹೋಗುತ್ತದೆ. ಪಾಲಿಯುರೆಥೇನ್ ಅಟ್ಟೆಯ ಬೂಟುಗಳನ್ನು ಮಾತ್ರ ‘ಹೊಸದಾಗೇ ಇದೆ’ ಎಂದು ವರ್ಷಗಟ್ಟಲೆ ಎತ್ತಿಡಬೇಡಿ. ಗಾಳಿಯ ತೇವಕ್ಕೇ ಆ ವಸ್ತು ಒಳಗಿಂದ ಶಿಥಿಲವಾಗಿ, ಒಂದು ದಿನ ಹಾಕಿಕೊಂಡು ಹೊರಟಾಗ ಅಟ್ಟೆ ಪುಡಿಪುಡಿಯಾಗಿ ಕಳಚುತ್ತದೆ. ಪ್ರತಿ ಋತುವಿನ ಮೊದಲು ಅಟ್ಟೆಯ ಪಕ್ಕವನ್ನು ಉಗುರಿನಿಂದ ಒತ್ತಿ ನೋಡಿ. ಗುರುತು ಹಾಗೇ ಉಳಿದರೆ, ಪುಡಿ ಉದುರಿದರೆ, ಮಂಜುಗಡ್ಡೆಯ ಮೇಲೆ ಹೋಗುವ ಮೊದಲೇ ಬೇರೆ ಜೊತೆ ಕೊಳ್ಳಿ.